ಮೂರಡಿ ಹಲಗೆ, ಆರು ತೂತು: 12 ವೋಲ್ಟ್ ಡ್ರಿಲ್‌ನಲ್ಲಿ ಮಾಡಿದ ನಾಲ್ಕು ಮನೆಗೆಲಸ

ಕೆಲಸ ನಾಲ್ಕು. ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆಗೆ ಪುಸ್ತಕ ಇಡಲು ಮೂರಡಿ ಉದ್ದ, ಎಂಟಿಂಚು ಅಗಲದ ಹಲಗೆ. ಅದೇ ಕೋಣೆಯ ಕಿಟಕಿಗೆ ಕರ್ಟನ್ ರಾಡ್. ಅಡುಗೆಮನೆ ಕಬೋರ್ಡಿನಲ್ಲಿ ಸ್ಕ್ರೂ ಕಿತ್ತುಬಂದು ಜೋತುಬಿದ್ದ ಬಾಗಿಲು. ಹಳೆಯ ಮತ್ತಿ ಮರದ ಬಾಗಿಲಿಗೆ ಹಿತ್ತಾಳೆ ಚಿಲಕ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಯಾವ ಊರಿನ ಮನೆಯಲ್ಲಾದರೂ ಒಂದಲ್ಲ ಒಂದು ದಿನ ಎದುರಾಗುವಂಥವೇ. ನಾಲ್ಕನ್ನೂ ಒಂದೇ 12 ವೋಲ್ಟಿನ ಪುಟ್ಟ ಕಾರ್ಡ್‌ಲೆಸ್ ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಮಾಡಿದ ಕ್ರಮ, ಹಿಡಿದ ಸಾಮಾನು, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದೆಲ್ಲ ಕೆಳಗಿದೆ. ಇಷ್ಟು ಚಿಕ್ಕ ಯಂತ್ರದಿಂದ ಗೋಡೆ ಕೊರೆಯಲಾಗದು ಅನ್ನುವವರಿದ್ದಾರೆ. ಎಲ್ಲವೂ ಆಗುತ್ತದೆಂದು ನಂಬಿ ಕಿಟಕಿ ಮೇಲಿನ ಕಾಂಕ್ರೀಟ್ ತೊಲೆಗೆ, ಅಂದರೆ ಲಿಂಟಲ್‌ಗೆ, ಒತ್ತಿ ಒತ್ತಿ ಮೋಟಾರ್ ಸುಟ್ಟುಕೊಳ್ಳುವವರೂ ಇದ್ದಾರೆ. ಗೋಡೆ ಯಾವುದು, ಕೊರೆಯುವ ಕಡ್ಡಿ ಅಂದರೆ ಬಿಟ್ ಯಾವುದು, ಬಿಗಿತಕ್ಕೆ ಮಿತಿ ಹಾಕುವ ಕ್ಲಚ್ ಎಷ್ಟರಲ್ಲಿದೆ, ಈ ಮೂರನ್ನು ಸರಿಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಯಂತ್ರ

ಡಬ್ಬದ ಮೇಲೆ 10.8 ಎಂದಿರಲಿ, 12 ಎಂದಿರಲಿ, ಒಳಗಿರುವುದು ಒಂದೇ: ಸಾಲಾಗಿ ಜೋಡಿಸಿದ ಮೂರು ಲಿಥಿಯಂ ಸೆಲ್. ಸೆಲ್ಲಿಗೆ 3.6 ವೋಲ್ಟಿನಂತೆ 10.8, ಪೂರ್ತಿ ಚಾರ್ಜ್ ಆದಾಗ 4.2ರಂತೆ 12.6. 18 ವೋಲ್ಟಿನ ಡ್ರಿಲ್‌ನಲ್ಲಿ ಇಂಥವು ಐದು. 20 ವೋಲ್ಟ್ ಮ್ಯಾಕ್ಸ್ ಎಂದು ಬರೆದದ್ದೂ ಅದೇ ಐದು ಸೆಲ್ಲಿನದು. ಹೆಸರಿಲ್ಲದ ಡ್ರಿಲ್‌ಗಳ ಮೇಲೆ 48, 88 ಎಂದೆಲ್ಲ ಅಚ್ಚಾಗಿರುತ್ತದೆ. ಅದು ವೋಲ್ಟೇಜ್ ಅಲ್ಲ. ಬ್ಯಾಟರಿ ಪ್ಯಾಕಿನ ಹಿಂದೆ ಸಣ್ಣಕ್ಷರದಲ್ಲಿ ಇರುವ ಸಂಖ್ಯೆಯನ್ನು ಓದಿ, ಅದನ್ನು ಮಾತ್ರ ನಂಬಿ. 2 ಆಂಪಿಯರ್-ಅವರಿನ ಪ್ಯಾಕ್ ಎಂದರೆ 10.8 ಗುಣಿಸು 2, ಅಂದರೆ 21.6 ವಾಟ್-ಅವರ್. ಮನೆಗೆಲಸಕ್ಕೆ ಇಂಥ ಎರಡು ಪ್ಯಾಕ್ ಇದ್ದರೆ ಕೆಲಸ ನಡುವೆ ನಿಲ್ಲುವುದಿಲ್ಲ. ಒಂದೇ ಪ್ಯಾಕ್ ಬರುವ ಅಗ್ಗದ ಕಿಟ್‌ಗಿಂತ ಎರಡು ಪ್ಯಾಕಿನದು ಯಾವಾಗಲೂ ಮೇಲು.

ಈ ವರ್ಗದ ಡ್ರಿಲ್‌ಗಳಿಗೆ ಸಾಮಾನ್ಯವಾಗಿ ಬಿಟ್ ಹಿಡಿಯುವ 10 ಎಂಎಂ ಚಕ್, 30 ನ್ಯೂಟನ್-ಮೀಟರ್ ಆಸುಪಾಸಿನ ಟಾರ್ಕ್ (ತಿರುಗಿಸುವ ಬಲ), ಎರಡು ಗೇರ್ ಇರುತ್ತವೆ. ಒಂದನೇ ಗೇರ್‌ನಲ್ಲಿ ನಿಮಿಷಕ್ಕೆ ಸುಮಾರು 400 ಸುತ್ತು, ಎರಡನೆಯದರಲ್ಲಿ ಸುಮಾರು 1500. ಸ್ಕ್ರೂ ತಿರುಗಿಸಲು, ದಪ್ಪ ತೂತು ಕೊರೆಯಲು ಒಂದನೆಯದು. ಸಣ್ಣ ತೂತಿಗೆ, ಗೋಡೆಗೆ ಎರಡನೆಯದು. ಗೇರ್ ಬದಲಿಸುವಾಗ ಚಕ್ ನಿಂತಿರಲೇಬೇಕು. ತಿರುಗುತ್ತಿರುವಾಗ ಸ್ವಿಚ್ ಜಾರಿಸಿದರೆ ಒಳಗಿನ ಹಲ್ಲು ಒಂದಕ್ಕೊಂದು ಉಜ್ಜುವ ಕರಕರ ಸದ್ದು ಬರುತ್ತದೆ. ನಾಲ್ಕು ಸಲ ಹಾಗೆ ಮಾಡಿದರೆ ಗೇರ್ ಜಾರಲು ಶುರು.

ಮುಂದಿನ ಉಂಗುರದ ಮೇಲೆ 1ರಿಂದ 20ರವರೆಗೆ ಸಂಖ್ಯೆ, ಒಂದು ಬಿಟ್‌ನ ಚಿತ್ರ, ಒಂದು ಸುತ್ತಿಗೆಯ ಚಿತ್ರ ಇರುತ್ತದೆ. ಸಂಖ್ಯೆಗಳು ಕ್ಲಚ್: ಅಷ್ಟು ಬಿಗಿಯಾದ ಮೇಲೆ ಟಕಟಕ ಎಂದು ಜಾರಿ ಸ್ಕ್ರೂ ತಿರುಗುವುದನ್ನು ಬಿಡುತ್ತದೆ. ಬಿಟ್‌ನ ಚಿತ್ರದಲ್ಲಿ ಕ್ಲಚ್ ಇಲ್ಲ, ಪೂರ್ತಿ ಬಲ. ಸುತ್ತಿಗೆ ಚಿತ್ರದಲ್ಲಿ ಒಳಗಿನ ಎರಡು ಹಲ್ಲುಬಿಲ್ಲೆ ಒಂದರ ಮೇಲೊಂದು ಹಾರಿ ಬಿಟ್‌ಗೆ ಸಣ್ಣ ಸಣ್ಣ ಪೆಟ್ಟು ಕೊಡುತ್ತವೆ. ಇದು ಕಾಂಕ್ರೀಟ್ ಕೊರೆಯುವ ದೊಡ್ಡ ಯಂತ್ರವಾದ ರೋಟರಿ ಹ್ಯಾಮರಿನ ಪೆಟ್ಟಲ್ಲ. ಅದರಲ್ಲಿ ಗಾಳಿಯ ಒತ್ತಡದಿಂದ ಪಿಸ್ಟನ್ ಹೊಡೆಯುತ್ತದೆ, ಪೆಟ್ಟು ಕಡಿಮೆ, ಆದರೆ ಭಾರ. ಇದರಲ್ಲಿ ಪೆಟ್ಟು ಸಾವಿರಾರು, ಆದರೆ ಹಗುರ. ಇಟ್ಟಿಗೆ, ಬ್ಲಾಕ್‌ಗೆ ಹಗುರ ಪೆಟ್ಟು ಸಾಕು; ಕಾಂಕ್ರೀಟಿನ ಜಲ್ಲಿಗೆ ಸಾಲದು. ಮುಂದೆ ಕಿಟಕಿಯ ಹತ್ತಿರ ಇದೇ ಮಾತು ಮತ್ತೆ ಬರುತ್ತದೆ.

ಬಿಟ್‌ಗಳಲ್ಲಿ ಮೂರು ಜಾತಿ ಬೇರೆ ಬೇರೆ ಡಬ್ಬಿಯಲ್ಲಿರಲಿ. ಗೋಡೆಯದಕ್ಕೆ ತುದಿಯಲ್ಲಿ ಅಗಲವಾದ ಕಾರ್ಬೈಡ್ ಚೂರು ಬೆಸೆದಿರುತ್ತದೆ; 6 ಮತ್ತು 8 ಎಂಎಂ ಎರಡೆರಡು. ಕಬ್ಬಿಣ ಕೊರೆಯುವ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ 2.5, 3, 4, 5 ಎಂಎಂ; ಮರಕ್ಕೂ ಸಣ್ಣ ತೂತಿಗೆ ಇವೇ ನಡೆಯುತ್ತವೆ. ಮರದ ಬಿಟ್‌ಗೆ ನಡುವೆ ಮುಳ್ಳಿನಂಥ ಮೊನೆ ಇರುತ್ತದೆ. 8 ಎಂಎಂ ಒಂದು ಸಾಕು. ಗೋಡೆ ಬಿಟ್‌ನಲ್ಲಿ ಮರ ಕೊರೆದರೆ ಮರ ಸುಟ್ಟ ವಾಸನೆ ಬರುತ್ತದೆ, ತೂತು ಹರಿದಿರುತ್ತದೆ. ಎಚ್‌ಎಸ್‌ಎಸ್ ಬಿಟ್ ಒಂದೇ ಒಂದು ಸಲ ಗೋಡೆಗೆ ತಾಗಿದರೆ ಅದರ ಅಂಚು ಹೋಯಿತು, ಮತ್ತೆ ಕಬ್ಬಿಣಕ್ಕೆ ಬಾರದು.

ಗೋಡೆಯನ್ನು ಓದುವುದು

ಮೊದಲ ತೂತಿನ ಪುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿದು ನೋಡಿ. ಮೊದಲು ಬರುವುದು ಪುಟ್ಟಿಯ ಬಿಳಿ ಹಿಟ್ಟು, ಒಂದೆರಡು ಎಂಎಂ. ಆಮೇಲೆ ಗಾರೆಯ ಬೂದು ಮರಳು, ಒಳಗೋಡೆಗೆ 12ರಿಂದ 15 ಎಂಎಂ. ಅದಾದ ಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿ ಸಲೀಸಾಗಿ, ಕಾಳುಕಾಳಾಗಿ ಉದುರಿದರೆ ಸಾಲಿಡ್ ಬ್ಲಾಕ್. ಹಾಲಿನ ಪುಡಿಯಂತೆ ನುಣ್ಣಗೆ ಬಂದು ಬಿಟ್ ಬೆಣ್ಣೆಗೆ ಇಳಿದಂತೆ ಇಳಿದರೆ ಎಎಸಿ, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕ್. ಬೂದು ಹಿಟ್ಟು ಚಿಟಿಕೆಯಷ್ಟೇ ಬಂದು, ಬಿಟ್ ಕೀರಲು ದನಿ ಎತ್ತಿ ನಿಂತಲ್ಲೇ ನಿಂತರೆ ಅದು ಆರ್‌ಸಿಸಿ, ಅಂದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್. ಬಿಟ್ ಇದ್ದಕ್ಕಿದ್ದಂತೆ ದಡಕ್ಕನೆ ಒಳಗೆ ಹೋದರೆ ಹಾಲೋ ಬ್ಲಾಕಿನ ಪೊಳ್ಳು, ಅಥವಾ ಎರಡು ಇಟ್ಟಿಗೆ ನಡುವಿನ ಸಂದು.

ಪ್ರತಿಯೊಂದಕ್ಕೂ ನಡೆ ಬೇರೆ. ಇಟ್ಟಿಗೆ, ಸಾಲಿಡ್ ಬ್ಲಾಕ್‌ಗೆ ಸುತ್ತಿಗೆ ಚಿತ್ರ. ಎಎಸಿಗೆ ಸುತ್ತಿಗೆ ಬೇಡವೇ ಬೇಡ. ಪೆಟ್ಟಿಗೆ ತೂತಿನ ಗೋಡೆ ಪುಡಿಯಾಗಿ, ಸ್ಕ್ರೂ ಹಿಡಿಯಲು ತೂತಿನೊಳಗೆ ಕೂರಿಸುವ ಪ್ಲಗ್ ಸಡಿಲವಾಗುತ್ತದೆ, ಸುಮ್ಮನೆ ತಿರುಗಿಸಿದರೆ ಸಾಕು, ಪ್ಲಗ್ಗೂ ಅದಕ್ಕೆಂದೇ ಮಾಡಿದ ಅಗಲ ರೆಕ್ಕೆಯದಾಗಬೇಕು. ಕರಾವಳಿಯ ಕೆಂಪುಕಲ್ಲಿನ ಗೋಡೆಗೂ ಸುತ್ತಿಗೆ ಹಾಕಬೇಡಿ. ಆ ಕಲ್ಲಿನಲ್ಲಿ ಹುಟ್ಟಿನಿಂದಲೇ ತೂತುಗಳಿರುತ್ತವೆ, 8 ಎಂಎಂ ಪ್ಲಗ್ ಅಂಥ ಪೊಳ್ಳಿಗೆ ಸಿಕ್ಕರೆ ಸುತ್ತುತ್ತಲೇ ಇರುತ್ತದೆ. 10 ಎಂಎಂನ ಉದ್ದ ಪ್ಲಗ್ ಇಟ್ಟುಕೊಳ್ಳಿ. ಹಳ್ಳಿಮನೆಯ ಮಣ್ಣಿನ ಗೋಡೆಯಲ್ಲಿ ಯಾವ ಪ್ಲಗ್ಗೂ ನಿಲ್ಲದು: ಉಳಿಯಿಂದ ಗುಂಡಿ ತೆಗೆದು, ಒಳಗೆ ಅಗಲವಾಗಿ ಹೊರಗೆ ಕಿರಿದಾಗಿರುವ ಮರದ ತುಂಡನ್ನು ಸಿಮೆಂಟಿನಲ್ಲಿ ಕೂರಿಸಿ, ಎರಡು ದಿನ ನೀರುಣಿಸಿ, ಸ್ಕ್ರೂವನ್ನು ಆ ಮರಕ್ಕೇ ಹಾಕಬೇಕು.

ಕೊರೆಯುವ ಮುನ್ನ ಇನ್ನೊಂದು ನೋಟ. ನಮ್ಮ ಮನೆಗಳಲ್ಲಿ ವೈರಿನ ಪೈಪು ಹೆಚ್ಚಾಗಿ ತಾರಸಿಯಿಂದ ಸ್ವಿಚ್‌ಬೋರ್ಡಿಗೆ ನೇರ ಕೆಳಗಿಳಿಯುತ್ತದೆ. ಆದ್ದರಿಂದ ಬೋರ್ಡಿನ ನೇರ ಮೇಲೆ, ಕೆಳಗೆ, ಎರಡೂ ಪಕ್ಕಕ್ಕೆ ಮೂರು ಮೂರು ಇಂಚು ಬಿಟ್ಟುಬಿಡಿ. ಪಾಯಿಂಟ್‌ನಿಂದ ಪಾಯಿಂಟ್‌ಗೆ ಅಡ್ಡ ಎಳೆದಿರುವುದೂ ಉಂಟು. ಒಂದೇ ಎತ್ತರದಲ್ಲಿ ಎರಡು ಬೋರ್ಡ್ ಇದ್ದರೆ ನಡುವಿನ ಗೆರೆಯನ್ನೂ ಬಿಡಿ. ಗೋಡೆಯ ಆಚೆ ಬಚ್ಚಲುಮನೆ ಇದ್ದರೆ ನಲ್ಲಿ, ಗೀಸರ್ ಎಲ್ಲಿವೆ ಎಂದು ಹೋಗಿ ನೋಡಿ ಬನ್ನಿ. ಅನುಮಾನವಿದ್ದರೆ ಆ ಕೋಣೆಯ ಎಂಸಿಬಿ ಇಳಿಸಿ. ಕಾರ್ಡ್‌ಲೆಸ್ ಡ್ರಿಲ್‌ಗೆ ಕರೆಂಟ್ ಬೇಡ, ಇದೊಂದು ದೊಡ್ಡ ಅನುಕೂಲ.

ಹಲಗೆ

ಸಾಮಾನು: 18 ಎಂಎಂ ಪ್ಲೈವುಡ್ 36 ಇಂಚು ಗುಣಿಸು 8 ಇಂಚು, ಅಂಗಡಿಯಲ್ಲೇ ಕೊಯ್ಯಿಸಿದ್ದು. 6 ಗುಣಿಸು 8 ಇಂಚಿನ ಎಲ್ ಬ್ರಾಕೆಟ್ ಮೂರು. 8 ಎಂಎಂ ನೈಲಾನ್ ವಾಲ್ ಪ್ಲಗ್ 40 ಎಂಎಂ ಉದ್ದದ್ದು ಆರು, ಎರಡು ಹೆಚ್ಚಿಗೆ. 10ನೇ ನಂಬರಿನ ಸ್ಕ್ರೂ ಎರಡೂವರೆ ಇಂಚಿನದು ಆರು. ಹಲಗೆಯ ಅಡಿಗೆ 8ನೇ ನಂಬರಿನ ಸ್ಕ್ರೂ 16 ಎಂಎಂ ಉದ್ದದ್ದು ಆರು. ರಸಮಟ್ಟ, ಪೆನ್ಸಿಲ್, ದಾರ, ಮಾಸ್ಕಿಂಗ್ ಟೇಪ್, ಸೈಕಲ್ ಪಂಪು, ಕನ್ನಡಕ, ಮಾಸ್ಕ್. ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದದ್ದು ಮರಳಿ ಬಾರದು. ಆರು ತೂತೇ ತಾನೆ ಎಂದು ಮಾಸ್ಕ್ ಬಿಡಬೇಡಿ.

ಈ ವಾಲ್ ಪ್ಲಗ್ ಬಗ್ಗೆ ಒಂದು ಮಾತು. ನೈಲಾನಿನ ಈಗಿನ ರೂಪವನ್ನು 1958ರಲ್ಲಿ ತಂದವರು ಜರ್ಮನಿಯ ಆರ್ಟುರ್ ಫಿಷರ್. ಸ್ಕ್ರೂ ಒಳಹೋದಂತೆ ಸೀಳಿರುವ ನೈಲಾನ್ ಅಗಲವಾಗಿ ತೂತಿನ ಗೋಡೆಯನ್ನು ಒತ್ತುತ್ತದೆ. ಹಿಡಿತವೆಲ್ಲ ಆ ಒತ್ತಿನದು. ಹಾಗಾಗಿ ತೂತು ಅರ್ಧ ಎಂಎಂ ದೊಡ್ಡದಾದರೂ ಹಿಡಿತ ಹೋಯಿತು. ಅಂಗಡಿಯಲ್ಲಿ ಸ್ಕ್ರೂ ಜೊತೆ ಪುಕ್ಕಟೆ ಕೊಡುವ ಗಡಸು ಪ್ಲಾಸ್ಟಿಕ್ ಗಿಟ್ಟಿ ಅಗಲವಾಗುವ ಬದಲು ಬಿರಿಯುತ್ತದೆ. ಫೋಟೋ ನೇತುಹಾಕಲು ಸಾಕು, ಪುಸ್ತಕಕ್ಕೆ ಬೇಡ. ಹಾಗೆಯೇ ಜಿಪ್ಸಂ ಬೋರ್ಡಿಗೆಂದು ಮಾಡಿದ ಕಪ್ಪು ಸ್ಕ್ರೂ ನೋಡಲು ಚೂಪು, ಬಲು ಗಡಸು, ಆದರೆ ಅಡ್ಡ ಭಾರ ಬಿದ್ದರೆ ಬಾಗುವುದಿಲ್ಲ, ಪಟ್ಟೆಂದು ಮುರಿಯುತ್ತದೆ. ಬ್ರಾಕೆಟ್ಟಿಗೆ ಬಳಸಲೇಬಾರದು.

ಭಾರದ ಲೆಕ್ಕ ಹೀಗಿದೆ. ಮೂರಡಿ ಪುಸ್ತಕ, ಹಲಗೆ ಸೇರಿ 30 ಕೆಜಿ ಎಂದುಕೊಳ್ಳಿ. ಆ ಭಾರ ಗೋಡೆಯಿಂದ ಸರಾಸರಿ ನಾಲ್ಕಿಂಚು, ಅಂದರೆ 100 ಎಂಎಂ ದೂರದಲ್ಲಿ ಕೂರುತ್ತದೆ. ಬ್ರಾಕೆಟ್ಟಿನ ಎಂಟಿಂಚಿನ ಕಾಲು ಗೋಡೆಗಿದ್ದರೆ ಮೇಲಿನ ಸ್ಕ್ರೂವಿನಿಂದ ಕೆಳತುದಿಗೆ ಸುಮಾರು 170 ಎಂಎಂ. 30 ಗುಣಿಸು 100, ಭಾಗಿಸು 170: ಮೇಲಿನ ಮೂರು ಸ್ಕ್ರೂಗಳನ್ನು ಹೊರಕ್ಕೆ ಎಳೆಯುವ ಬಲ ಒಟ್ಟು 18 ಕೆಜಿಯಷ್ಟು, ಒಂದೊಂದಕ್ಕೆ ಆರು. ಅದನ್ನೇ ತಿರುವುಮುರುವು ಮಾಡಿ ಆರಿಂಚಿನ ಕಾಲನ್ನು ಗೋಡೆಗೆ ಹಾಕಿದರೆ ಆ ಅಂತರ 120ಕ್ಕೆ ಇಳಿದು ಎಳೆತ 25 ಕೆಜಿಗೆ ಏರುತ್ತದೆ. ಎಷ್ಟೋ ಮನೆಗಳಲ್ಲಿ ಉದ್ದ ಕಾಲು ಹಲಗೆಯ ಕೆಳಗೇ ಇರುತ್ತದೆ, ನೋಡಿ. ಉದ್ದ ಕಾಲು ಯಾವತ್ತೂ ಗೋಡೆಗೆ.

ಬ್ರಾಕೆಟ್ಟಿನ ಜಾಗ: ಹಲಗೆಯ ಎಡತುದಿಯಿಂದ 4, 18, 32 ಇಂಚು. ಮೊದಲು ಎರಡು ಕೊನೆಯವನ್ನು ರಸಮಟ್ಟ ಹಿಡಿದು ಗುರುತಿಸಿ, ತೂತು ಹಾಕಿ ಕೂರಿಸಿ. ನಡುವಿನದನ್ನು ಈಗಲೇ ಗುರುತಿಸಬೇಡಿ. ಗಾರೆ ಎಷ್ಟೇ ಚೆನ್ನಾಗಿ ತೀಡಿದ್ದರೂ ಮೂರಡಿಯಲ್ಲಿ ಒಂದೆರಡು ಎಂಎಂ ಉಬ್ಬೋ ತಗ್ಗೋ ಇದ್ದೇ ಇರುತ್ತದೆ. ಎರಡು ಕೊನೆಯ ಬ್ರಾಕೆಟ್ಟಿಗೆ ದಾರ ಬಿಗಿದು ಕಟ್ಟಿ, ಆ ದಾರಕ್ಕೆ ನಡುವಿನದನ್ನು ಹೊಂದಿಸಿ ಗುರುತು ಹಾಕಿ. ಗೋಡೆ ತಗ್ಗಾಗಿದ್ದರೆ ಬ್ರಾಕೆಟ್ಟಿನ ಹಿಂದೆ ವಾಷರ್ ಇಟ್ಟು ಸರಿಗಟ್ಟಿ. ಹಾಗೆ ಮಾಡದೆ ಸ್ಕ್ರೂ ಬಿಗಿದರೆ ಬ್ರಾಕೆಟ್ ತಗ್ಗಿನೊಳಕ್ಕೆ ಎಳೆದುಕೊಂಡು ಹಲಗೆಯ ನಡುವೆ ಸಂದು ಬೀಳುತ್ತದೆ.

ಈಗ ತೂತು. ತೂತಿನ ಆಳ 70 ಎಂಎಂ. ಕಾರಣ ಇಷ್ಟೇ: ಗಾರೆಗೆ ಹಿಡಿತವಿಲ್ಲ, ಪ್ಲಗ್ ಆದಷ್ಟೂ ಬ್ಲಾಕಿನೊಳಗೆ ಕೂರಬೇಕು. ಪ್ಲಗ್ಗನ್ನು ಗೋಡೆಮಟ್ಟದಿಂದ 10 ಎಂಎಂ ಒಳಕ್ಕೆ ತಳ್ಳಿದರೆ ಅದು 10ರಿಂದ 50ರವರೆಗೆ ಕೂತಿರುತ್ತದೆ. ಎರಡೂವರೆ ಇಂಚು, ಅಂದರೆ 63 ಎಂಎಂ ಸ್ಕ್ರೂವಿನಲ್ಲಿ ಬ್ರಾಕೆಟ್ ದಪ್ಪ 2 ಕಳೆದರೆ ತುದಿ 61ಕ್ಕೆ ಹೋಗುತ್ತದೆ. ಪ್ಲಗ್ಗನ್ನು ಪೂರ್ತಿ ದಾಟಿ ಹೊರಬಂದರೇ ಅದು ಪೂರ್ತಿ ಅರಳುವುದು. ಉಳಿದ 9 ಎಂಎಂ ಪುಡಿ ನಿಲ್ಲಲು ಜಾಗ. 8 ಎಂಎಂ ಬಿಟ್‌ನ 70ನೇ ಎಂಎಂಗೆ ಮಾಸ್ಕಿಂಗ್ ಟೇಪ್ ಸುತ್ತಿ, ಬಾಲ ಬಿಡಿ. ಬಾಲ ಗೋಡೆಗೆ ತಾಗಿ ಪುಡಿ ಗುಡಿಸತೊಡಗಿದರೆ ಆಳ ಮುಗಿಯಿತು.

ಗುರುತಿನ ಮೇಲೆ ಮೊಳೆ ಇಟ್ಟು ಒಂದು ಹಗುರ ಏಟು ಹಾಕಿ, ಪುಟ್ಟಿಯಲ್ಲಿ ಚಿಕ್ಕ ಗುಳಿ ಬೀಳಲಿ. ನುಣ್ಣನೆ ಪೇಂಟಿನ ಮೇಲೆ ಬಿಟ್ ಜಾರಿ ಎರಡು ಮೂರು ಎಂಎಂ ಪಕ್ಕಕ್ಕೆ ಹೋಗುವುದು ಇಲ್ಲಿಂದಲೇ. ಮೊದಲ 5 ಎಂಎಂ ಸುತ್ತಿಗೆ ಇಲ್ಲದೆ, ಬೆರಳ ತುದಿಯಲ್ಲಿ ಟ್ರಿಗರ್ ಒತ್ತಿ ನಿಧಾನ ಕೊರೆಯಿರಿ. ಆಮೇಲೆ ಉಂಗುರವನ್ನು ಸುತ್ತಿಗೆಗೆ ತಿರುಗಿಸಿ, ಎರಡನೇ ಗೇರ್, ಪೂರ್ತಿ ವೇಗ. ಒತ್ತುವ ಹದ ಮುಖ್ಯ. ಒತ್ತದಿದ್ದರೆ ಹಲ್ಲುಬಿಲ್ಲೆ ಕೂಡುವುದಿಲ್ಲ, ಬಿಟ್ ಸುಮ್ಮನೆ ಉಜ್ಜಿ ಕಾಯುತ್ತದೆ. ಮೈಭಾರವೆಲ್ಲ ಹಾಕಿದರೆ ಬಿಲ್ಲೆ ಹಾರಲು ಆಸ್ಪದವಿಲ್ಲದೆ ಪೆಟ್ಟು ನಿಂತು ಮೋಟಾರ್ ಮುಕ್ಕರಿಯುತ್ತದೆ. ಸದ್ದು ಒಂದೇ ಶ್ರುತಿಯಲ್ಲಿ ಗರಗರ ಎನ್ನುತ್ತಿರಬೇಕು. ಶ್ರುತಿ ಇಳಿದರೆ ಒತ್ತು ಹೆಚ್ಚಾಯಿತು ಎಂದರ್ಥ. ಪ್ರತಿ 15 ಎಂಎಂಗೊಮ್ಮೆ ತಿರುಗುತ್ತಿರುವಾಗಲೇ ಬಿಟ್ ಹೊರಗೆಳೆದು ಪುಡಿ ಬಿಡಿಸಿ. ಕೈ ಮೇಲೆ ಕೆಳಗೆ ಆಡಿಸಬೇಡಿ, ತೂತು ಮೊಟ್ಟೆಯಾಕಾರವಾಗುತ್ತದೆ. ಮೂರು ತೂತಾದ ಮೇಲೆ ಬಿಟ್‌ಗೂ ಮೋಟಾರ್‌ಗೂ ಐದು ನಿಮಿಷ ಬಿಡುವು ಕೊಡಿ.

ತೂತಿನ ತಳದಲ್ಲಿ ಉಳಿದ ಪುಡಿಯನ್ನು ಸೈಕಲ್ ಪಂಪಿಗೆ ಸಣ್ಣ ಕೊಳವೆ ಸಿಕ್ಕಿಸಿ ಊದಿ ತೆಗೆಯಿರಿ. ಬಾಯಲ್ಲಿ ಊದಿದರೆ ಅದು ನೇರ ಕಣ್ಣಿಗೆ. ಪುಡಿ ಬಿಟ್ಟರೆ ಪ್ಲಗ್ ಅರ್ಧಕ್ಕೇ ನಿಲ್ಲುತ್ತದೆ, ಸುತ್ತಿಗೆಯಿಂದ ಹೊಡೆದರೆ ಮಡಚಿಕೊಳ್ಳುತ್ತದೆ. ಸರಿಯಾದ ತೂತಿಗೆ ಪ್ಲಗ್ ಬೆರಳಿನಿಂದ ಅರ್ಧ ಹೋಗಿ, ಉಳಿದದ್ದಕ್ಕೆ ಮೂರು ನಾಲ್ಕು ಹಗುರ ಏಟು ಬೇಡುತ್ತದೆ. ಬೆರಳಿನಿಂದಲೇ ಪೂರ್ತಿ ಒಳಹೋದರೆ ಆ ತೂತು ದೊಡ್ಡದಾಗಿದೆ. ಕಡ್ಡಿಪೆಟ್ಟಿಗೆ ಕಡ್ಡಿ, ಕಾಗದ ತುರುಕುವುದನ್ನು ಬಿಟ್ಟು 10 ಎಂಎಂ ಬಿಟ್‌ನಿಂದ ಅಗಲಮಾಡಿ 10 ಎಂಎಂ ಪ್ಲಗ್ ಹಾಕಿ, ಅದಕ್ಕೆ ತಕ್ಕಂತೆ ಸ್ಕ್ರೂವನ್ನೂ 14ನೇ ನಂಬರಿಗೆ ಏರಿಸಿ.

ಸ್ಕ್ರೂ ಬಿಗಿಯುವುದು ಒಂದನೇ ಗೇರ್, ಕ್ಲಚ್ 8ರಿಂದ ಶುರು. ಟಕಟಕ ಎಂದು ಜಾರಿ ಸ್ಕ್ರೂ ಇನ್ನೂ ಹೊರಗಿದ್ದರೆ ಎರಡೆರಡೇ ಏರಿಸಿ. ಕೊನೆಯ ಕಾಲು ಸುತ್ತು ಕೈ ಸ್ಕ್ರೂಡ್ರೈವರ್‌ನಲ್ಲಿ. ಬಿಟ್‌ನ ಚಿತ್ರಕ್ಕೆ ಇಟ್ಟು ಪೂರ್ತಿ ಬಲದಲ್ಲಿ ಬಿಗಿದರೆ ಪ್ಲಗ್ಗೇ ತೂತಿನೊಳಗೆ ತಿರುಗಿ ಮಾಡಿದ್ದೆಲ್ಲ ನೀರಲ್ಲಿ ಹೋಮ. ಸ್ಕ್ರೂ ತಲೆ ಸವೆಯುವುದಕ್ಕೆ ಬಹುಪಾಲು ಕಾರಣ ಬಿಟ್‌ನ ಅಳತೆ: 8, 10ನೇ ನಂಬರಿನ ಪ್ಲಸ್ ತಲೆಗೆ ಪಿಎಚ್ 2 ಎಂಬ ಅಳತೆಯ ಸ್ಕ್ರೂಡ್ರೈವರ್ ಬಿಟ್. ಪಿಎಚ್ 1 ಕೂಡ ಅದರಲ್ಲಿ ಕೂತಂತೆ ಕಾಣುತ್ತದೆ, ತಿರುಗಿಸಿದ ಕೂಡಲೇ ಹೊರಗೆ ಹಾರಿ ತಲೆಯನ್ನು ಕೆರೆದುಬಿಡುತ್ತದೆ. ಪ್ಲಸ್ಸಿನ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆ ಇದ್ದರೆ ಅದು ಪೋಝಿ, ಅದಕ್ಕೆ ಪಿಝಡ್ 2.

ಹಲಗೆಯ ಅಡಿಗೆ 2.5 ಎಂಎಂ ಬಿಟ್‌ಗೆ 10 ಎಂಎಂ ಆಳಕ್ಕೆ ಟೇಪ್ ಸುತ್ತಿ ತೂತು ಹಾಕಿ, 16 ಎಂಎಂ ಸ್ಕ್ರೂ, ಕ್ಲಚ್ 4. ಇಲ್ಲಿ ಟೇಪ್ ಮರೆತರೆ ಬಿಟ್ ಮೇಲಿನ ಲ್ಯಾಮಿನೇಟ್ ಸೀಳಿಕೊಂಡು ಇಣುಕುತ್ತದೆ, ಆ ತೂತು ಮುಚ್ಚುವ ಉಪಾಯವಿಲ್ಲ. ಪುಸ್ತಕ ಜೋಡಿಸುವ ಮೊದಲು ಹಲಗೆಯ ಹೊರ ಅಂಚನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿ, ಮೇಲಿನ ಸ್ಕ್ರೂಗಳ ಹತ್ತಿರ ಕಣ್ಣಿಟ್ಟು ನೋಡಿ. ಬ್ರಾಕೆಟ್ ಮತ್ತು ಗೋಡೆಯ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಆ ಪ್ಲಗ್ ಬದಲಾಗಬೇಕು.

ಕಿಟಕಿ

ಕರ್ಟನ್ ರಾಡಿನ ಬ್ರಾಕೆಟ್ ಕೂರುವ ಜಾಗವೇ ಲಿಂಟಲ್. ಕಿಟಕಿಯ ತೆರಪಿನ ನೇರ ಮೇಲೆ ಸಾಮಾನ್ಯವಾಗಿ ಆರಿಂಚು ಎತ್ತರದ ಆರ್‌ಸಿಸಿ ತೊಲೆ, ಎರಡೂ ಬದಿ ಗೋಡೆಯೊಳಕ್ಕೆ ಆರಿಂಚಾದರೂ ಚಾಚಿರುತ್ತದೆ. ಕೆಲವು ಮನೆಯಲ್ಲಿ ಇಡೀ ಗೋಡೆಗೆ ಪಟ್ಟಿಯಂತೆ ಹಾದುಹೋಗಿರುತ್ತದೆ. ಅದರೊಳಗೆ 20 ಎಂಎಂ ಜಲ್ಲಿ, ನಮ್ಮ ಕಡೆ ಅದು ಗ್ರಾನೈಟು, ಜೊತೆಗೆ ಕಬ್ಬಿಣದ ಸರಳು. ಹಗುರ ಪೆಟ್ಟಿನ ಡ್ರಿಲ್ ಸಿಮೆಂಟ್ ಭಾಗದಲ್ಲಿ ಇಳಿಯುತ್ತದೆ, ಜಲ್ಲಿ ಎದುರಾದ ಕೂಡಲೇ ನಿಲ್ಲುತ್ತದೆ. ಅಲ್ಲಿ ಒತ್ತಿ ನಿಂತರೆ ಕಾರ್ಬೈಡ್ ತುದಿ ನೀಲಿಗಟ್ಟಿ ಬೆಸುಗೆ ಬಿಟ್ಟು ಕಳಚುತ್ತದೆ.

ಮೊದಲ ಉಪಾಯ ಲಿಂಟಲನ್ನು ತಪ್ಪಿಸುವುದು. ತೆರಪಿನಿಂದ ಎಂಟಿಂಚು ಮೇಲೆ ಹೋದರೆ ಬಹುಪಾಲು ಮನೆಗಳಲ್ಲಿ ಬ್ಲಾಕ್ ಸಿಗುತ್ತದೆ, ಕರ್ಟನ್ ಎತ್ತರವಾದಷ್ಟೂ ಕಿಟಕಿಯೂ ದೊಡ್ಡದಾಗಿ ಕಾಣುತ್ತದೆ. ಬಟ್ಟೆ ಹೊಲಿಯಲು ಕೊಡುವ ಮುನ್ನವೇ ಇದನ್ನು ತೀರ್ಮಾನಿಸಿ.

ತಪ್ಪಿಸಲಾಗದಿದ್ದರೆ ಭಾರ ಕಡಿಮೆ ಇರುವುದರಿಂದ 6 ಎಂಎಂ ಪ್ಲಗ್, 35 ಎಂಎಂ ಆಳ ಸಾಕು. 4 ಎಂಎಂ ಗೋಡೆ ಬಿಟ್‌ನಿಂದ ಮೊದಲು ಪೂರ್ತಿ ಆಳ ಕೊರೆದು, ಆಮೇಲೆ 6 ಎಂಎಂ. ಬಿಟ್ ನಿಂತರೆ ಹೊರಗೆ ತೆಗೆದು, ಗಟ್ಟಿ ಉಕ್ಕಿನ ಕಾಂಕ್ರೀಟ್ ಮೊಳೆಯನ್ನು ತೂತಿಗಿಟ್ಟು ಸುತ್ತಿಗೆಯಿಂದ ನಾಲ್ಕೈದು ಏಟು ಹಾಕಿ, ಏಟಿಗೊಮ್ಮೆ ಮೊಳೆಯನ್ನು ಸ್ವಲ್ಪ ತಿರುಗಿಸಿ. ಜಲ್ಲಿ ಬಿರುಕು ಬಿಟ್ಟರೆ ಡ್ರಿಲ್ ಮತ್ತೆ ಇಳಿಯುತ್ತದೆ. 10 ಸೆಕೆಂಡ್ ಕೊರೆತ, 20 ಸೆಕೆಂಡ್ ಬಿಡುವು. ಪುಡಿಯಲ್ಲಿ ಹೊಳೆಯುವ ಲೋಹದ ಚೂರು ಕಂಡರೆ ಅದು ಸರಳು. ಅಲ್ಲಿಗೇ ಬಿಟ್ಟು ಒಂದಿಂಚು ಪಕ್ಕಕ್ಕೆ ಸರಿಯಿರಿ. ಎರಡು ಮೂರು ಸಲ ಹೀಗಾದರೆ ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ. ಹತ್ತು ಸೆಕೆಂಡಿನಲ್ಲಿ ಆಗುವ ತೂತಿಗೆ ಮನೆಯ ಡ್ರಿಲ್ಲನ್ನು ಬಲಿ ಕೊಡುವುದು ಬೇಡ. ತಾರಸಿ ಸೀಲಿಂಗಿಗೆ ಫ್ಯಾನ್ ಕೊಕ್ಕೆ, ಉಯ್ಯಾಲೆ ಕೊಂಡಿ ಹಾಕುವುದಂತೂ ಈ ಯಂತ್ರದ ಕೆಲಸವೇ ಅಲ್ಲ.

ಬಚ್ಚಲುಮನೆ ಟೈಲ್ಸಿಗೆ ಇದಕ್ಕೆ ತದ್ವಿರುದ್ಧ. ಸುತ್ತಿಗೆ ಒಂದು ಕ್ಷಣ ಹಾಕಿದರೂ ಟೈಲ್ ಬಿರುಕು. ಟೇಪ್ ಅಂಟಿಸಿ, ಈಟಿ ಮೊನೆಯ ಟೈಲ್ ಬಿಟ್‌ನಲ್ಲಿ ಒಂದನೇ ಗೇರ್, ಹತ್ತಿಯಿಂದ ನೀರು ತೊಟ್ಟಿಕ್ಕಿಸುತ್ತ ಟೈಲ್ ದಾಟಿಸಿ, ಆಮೇಲೆ ಗೋಡೆ ಬಿಟ್ ಮತ್ತು ಸುತ್ತಿಗೆ. ವಿಟ್ರಿಫೈಡ್ ಟೈಲ್ ಆದರೆ ಈಟಿ ಬಿಟ್ ಒಂದೆರಡು ತೂತಿಗೇ ಮೊಂಡಾಗುತ್ತದೆ, ಡೈಮಂಡ್ ಬಿಟ್ ಬೇಕು. ಸಾಧ್ಯವಿದ್ದರೆ ತೂತನ್ನು ಟೈಲಿನ ಅಂಚಿನಿಂದ ದೂರ ಇಡಿ.

ಕಬೋರ್ಡ್ ಬಾಗಿಲು

ಪಾರ್ಟಿಕಲ್ ಬೋರ್ಡಿನಲ್ಲಿ ಹಿಂಜಸ್ ಸ್ಕ್ರೂ ಕಿತ್ತುಬರುವುದು ತೇವಕ್ಕೆ. ಸಿಂಕ್ ಹತ್ತಿರದ ಬಾಗಿಲು ಮೊದಲು ಹೋಗುತ್ತದೆ: ಬೋರ್ಡ್ ಉಬ್ಬಿ, ಒಳಗಿನ ಮರದ ಪುಡಿ ಬಿಡಿಬಿಡಿಯಾಗಿ, ಸ್ಕ್ರೂ ಸುತ್ತುತ್ತದೆ. ಉದ್ದದ ಸ್ಕ್ರೂ ಹಾಕುವುದು ಎಲ್ಲರಿಗೂ ಹೊಳೆಯುವ ಪರಿಹಾರ. 18 ಎಂಎಂ ಬೋರ್ಡಿನಲ್ಲಿ ಅದು ಆಚೆ ಬದಿಗೆ ಹೊರಬರುತ್ತದೆ, ಇಲ್ಲವೇ ಆರು ತಿಂಗಳಲ್ಲಿ ಅದೂ ಸಡಿಲ.

ಬಾಗಿಲು ಬಿಚ್ಚಿ ಮಲಗಿಸಿ. ಕೆಟ್ಟ ತೂತನ್ನು 8 ಎಂಎಂ ಮರದ ಬಿಟ್‌ನಿಂದ 12 ಎಂಎಂ ಆಳಕ್ಕೆ, ಒಂದನೇ ಗೇರ್‌ನಲ್ಲಿ ಶುಚಿ ಮಾಡಿ. 8 ಎಂಎಂ ಮರದ ಡೋವೆಲ್ ಕಡ್ಡಿಯಿಂದ 12 ಎಂಎಂ ತುಂಡು ಕೊಯ್ದು, ತೂತಿಗೂ ತುಂಡಿಗೂ ಫೆವಿಕಾಲ್ ಸವರಿ ಹಗುರವಾಗಿ ಬಡಿದು ಮಟ್ಟ ಮಾಡಿ. ಬೋರ್ಡ್ ತೀರಾ ಉಬ್ಬಿದ್ದರೆ ಫೆವಿಕಾಲ್ ಬದಲು ಎರಡು ಟ್ಯೂಬಿನ ಎಪಾಕ್ಸಿ ಅಂಟು. ಅದು ಬಿಡಿಯಾದ ಪುಡಿಯನ್ನೂ ಸೇರಿಸಿ ಹಿಡಿಯುತ್ತದೆ. 24 ಗಂಟೆ ಮುಟ್ಟಬೇಡಿ. ಮರುದಿನ 2.5 ಎಂಎಂ ತೂತು, ಕ್ಲಚ್ 3, ಹಳೆಯ ಸ್ಕ್ರೂವೇ ಸಾಕು. ಕ್ಲಚ್ ಜಾರಿದ ಕೂಡಲೇ ಬೆರಳು ಬಿಡಿ, ಪಾರ್ಟಿಕಲ್ ಬೋರ್ಡಿನಲ್ಲಿ ಇನ್ನರ್ಧ ಸುತ್ತು ಎಂಬುದೇ ಇಲ್ಲ. ಕೊನೆಗೆ ಬೋರ್ಡಿನ ಬರಿದಾದ ಅಂಚಿಗೆ ಸಿಲಿಕಾನ್ ಸವರಿ. ನೀರು ಒಳಹೋಗುವ ದಾರಿ ಅದೇ.

ಹಿತ್ತಾಳೆ ಚಿಲಕ

ಮತ್ತಿ, ಹೊನ್ನೆ, ಹಳೆಯ ತೇಗ, ಇವೆಲ್ಲ ಒಣಗಿ ವರ್ಷಗಳಾದ ಮೇಲೆ ಕಬ್ಬಿಣದಂತೆ. ಹಿತ್ತಾಳೆ ಸ್ಕ್ರೂ ಮೆತ್ತಗಿನ ಲೋಹ. ಡ್ರಿಲ್‌ನಲ್ಲಿ ನೇರ ಬಿಗಿದರೆ ಅರ್ಧ ದಾರಿಯಲ್ಲಿ ತಲೆ ಕಳಚಿ ಕೈಗೆ ಬರುತ್ತದೆ, ದೇಹ ಮರದೊಳಗೇ ಉಳಿಯುತ್ತದೆ. ಹಳೇ ಬಡಗಿಗಳ ಕ್ರಮವೇ ಸರಿ. 8ನೇ ನಂಬರಿಗೆ 3 ಎಂಎಂ ಬಿಟ್‌ನಿಂದ ಸ್ಕ್ರೂವಿನ ಪೂರ್ತಿ ಉದ್ದದಷ್ಟು ತೂತು ಹಾಕಿ. ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಒಮ್ಮೆ ಡ್ರಿಲ್‌ನಲ್ಲಿ ಒಳಗೆ ಹಾಕಿ ಹೊರಗೆ ತೆಗೆಯಿರಿ. ಅದು ಮರದಲ್ಲಿ ತಿರುಪಿನ ದಾರಿ ಕೊರೆಯುತ್ತದೆ. ಹಿತ್ತಾಳೆ ಸ್ಕ್ರೂವಿನ ತಿರುಪಿಗೆ ಮೇಣದಬತ್ತಿ ಉಜ್ಜಿ, ಕೈ ಸ್ಕ್ರೂಡ್ರೈವರ್‌ನಲ್ಲೇ ಬಿಗಿಯಿರಿ. ಸೋಪು ಉಜ್ಜುವವರೂ ಇದ್ದಾರೆ, ಆದರೆ ಸೋಪು ತೇವ ಎಳೆದು ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಚಿಲಕದ ದಂಡ ಇಳಿಯುವ ತೂತನ್ನು ಹೊಸ್ತಿಲಿಗೆ ಕೊರೆಯುವಾಗ ದಂಡದ ತುದಿಗೆ ಪೆನ್ಸಿಲ್ ಪುಡಿ ಹಚ್ಚಿ, ಬಾಗಿಲು ಮುಚ್ಚಿ ಒತ್ತಿ ಗುರುತು ತೆಗೆದುಕೊಳ್ಳಿ. ಕಣ್ಣಳತೆ ಇಲ್ಲಿ ನಡೆಯದು. ದಂಡ 10 ಎಂಎಂ ಇದ್ದರೆ ತೂತು 12 ಇರಲಿ, ಮಳೆಗಾಲದಲ್ಲಿ ಬಾಗಿಲು ಉಬ್ಬಿ ಕೊಂಚ ಸರಿಯುತ್ತದೆ. ಚಕ್ ಹಿಡಿಯುವುದು 10 ಎಂಎಂವರೆಗೆ ಮಾತ್ರ. 12ರ ಬಿಟ್ ಕೊಳ್ಳುವಾಗ ಚಕ್ಕಿನೊಳಗೆ ಕೂರುವ ಹಿಂಬದಿ ಕಾಂಡ ಸಣ್ಣದಿರುವುದನ್ನು ಕೇಳಿ ತನ್ನಿ.

ಬ್ಯಾಟರಿ ಮತ್ತು ಚಕ್

ಕೊರೆತದ ನಡುವೆ ಡ್ರಿಲ್ ಇದ್ದಕ್ಕಿದ್ದಂತೆ ನಿಂತರೆ ಹೆಚ್ಚಾಗಿ ಅದು ಪ್ಯಾಕನ್ನು ಕಾಪಾಡುವ ಸರ್ಕ್ಯೂಟಿನ ಕೆಲಸ: ಬಿಸಿ, ಇಲ್ಲವೇ ಚಾರ್ಜ್ ತಳ ಮುಟ್ಟಿದ್ದು. ಟ್ರಿಗರ್ ಪದೇಪದೇ ಒತ್ತಬೇಡಿ, ಆರಲು ಬಿಡಿ. ಬಿಸಿ ಪ್ಯಾಕನ್ನು ಕೂಡಲೇ ಚಾರ್ಜಿಗೂ ಹಾಕಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ಡ್ರಿಲ್‌ನಿಂದ ಬಿಡಿಸಿ, ತಂಪಾದ ಕಪಾಟಿನಲ್ಲಿಡಿ; ಬಿಸಿಲಿಗೆ ನಿಂತ ಕಾರಿನ ಡಿಕ್ಕಿ, ತಗಡಿನ ಮಾಡಿನ ಅಟ್ಟ ಎರಡೂ ಪ್ಯಾಕಿಗೆ ಮಾರಕ. ಮೂರು ತಿಂಗಳಿಗೊಮ್ಮೆ ಹೊರತೆಗೆದು ನೋಡಿ. ಪೂರ್ತಿ ಖಾಲಿಯಾಗಿ ವರ್ಷ ಕಳೆದ ಪ್ಯಾಕನ್ನು ಚಾರ್ಜರ್ ಗುರುತೇ ಹಿಡಿಯುವುದಿಲ್ಲ. ಆಗ ಬೇರೆ ಅಡಾಪ್ಟರಿನಿಂದ ನೇರ ಕರೆಂಟ್ ಕೊಟ್ಟು ಎಬ್ಬಿಸುವ ಪ್ರಯೋಗ ಮಾಡಬೇಡಿ, ಅತಿಯಾಗಿ ಬರಿದಾದ ಲಿಥಿಯಂ ಸೆಲ್ ಚಾರ್ಜ್ ಮಾಡುವಾಗ ಬೆಂಕಿ ಹಿಡಿಯಬಹುದು.

ಅಮೆರಿಕದಿಂದ ಊರಿಗೆ ಬರುವಾಗ ಡ್ರಿಲ್ ತರುವವರು ಚಾರ್ಜರಿನ ಹಿಂದೆ ಬರೆದದ್ದನ್ನು ಓದಿ. 120 ವೋಲ್ಟ್ ಎಂದಷ್ಟೇ ಇದ್ದರೆ ಪ್ಲಗ್ ಬದಲಿಸುವ ಅಡಾಪ್ಟರ್ ಸಾಲದು, ನಮ್ಮ 230 ವೋಲ್ಟಿಗೆ ಆ ಚಾರ್ಜರ್ ಸುಟ್ಟುಹೋಗುತ್ತದೆ. ಅದೇ ಕಂಪನಿಯ ಇಲ್ಲಿಯ ಚಾರ್ಜರ್ ಕೊಳ್ಳಿ, ಅಥವಾ 230ರಿಂದ 120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಇಡಿ. ಬಿಡಿ ಪ್ಯಾಕ್ ವಿಮಾನದಲ್ಲಿ ಕೈಚೀಲದಲ್ಲೇ ಬರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ.

ಗೋಡೆ ಕೆಲಸ ಮುಗಿದ ಮೇಲೆ ಡ್ರಿಲ್ಲನ್ನು ಮೂತಿ ಕೆಳಗೆ ಮಾಡಿ ಹಿಡಿದು, ಚಕ್ ಪೂರ್ತಿ ತೆರೆದು ತಟ್ಟಿ. ದವಡೆಗಳ ಸಂದಿನಿಂದ ಸಿಮೆಂಟ್ ಪುಡಿ ಉದುರುತ್ತದೆ. ಅದು ಒಳಗುಳಿದರೆ ಚಕ್ ಬಿಗಿಯಾಗದೆ ಬಿಟ್ ಜಾರುತ್ತದೆ. ಬಿಟ್ ಹಾಕಿ ತಿರುಗಿಸಿದಾಗ ತುದಿ ವೃತ್ತ ಬರೆಯುವಂತೆ ಅಲ್ಲಾಡಿದರೆ ಮೊದಲು ಬೇರೆ ಬಿಟ್ ಹಾಕಿ ನೋಡಿ. ಎಲ್ಲವೂ ಅಲ್ಲಾಡಿದರೆ ಚಕ್ ಬದಲಿಸಬೇಕು. ದವಡೆ ಪೂರ್ತಿ ತೆರೆದು ಒಳಗೆ ಇಣುಕಿದರೆ ತಳದಲ್ಲೊಂದು ಸ್ಕ್ರೂ ಕಾಣುತ್ತದೆ. ಅದು ಎಡತಿರುಪಿನದು: ಬಿಚ್ಚಲು ಬಲಕ್ಕೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಎಡಕ್ಕೆ ಬಲ ಹಾಕಿ ಅದರ ತಲೆ ಮುರಿದರೆ ಚಕ್ ಹೊರಬರುವುದೇ ಇಲ್ಲ. ಸ್ಕ್ರೂ ತೆಗೆದ ಮೇಲೆ ದಪ್ಪ ಎಲ್ ಕೀಲಿಯ ಗಿಡ್ಡ ಕಾಲನ್ನು ಚಕ್ಕಿಗೆ ಬಿಗಿದು, ಒಂದನೇ ಗೇರ್‌ನಲ್ಲಿಟ್ಟು, ಉದ್ದ ಕಾಲಿಗೆ ಎಡದಿಕ್ಕಿಗೆ ಸುತ್ತಿಗೆಯ ಒಂದು ಚುರುಕು ಏಟು, ಚಕ್ ಸಡಿಲವಾಗುತ್ತದೆ. ಬ್ಯಾಟರಿ ಮೊದಲೇ ಬಿಚ್ಚಿಟ್ಟಿರಬೇಕು. ಹೊಸದು ಕೊಳ್ಳಲು ಹಳೆಯ ಚಕ್ಕನ್ನೇ ಅಂಗಡಿಗೆ ಒಯ್ಯಿರಿ, ತಿರುಪಿನ ಅಳತೆ ಅದರ ಮೈಮೇಲೆ ಅಚ್ಚಾಗಿರುತ್ತದೆ: ಸಾಮಾನ್ಯವಾಗಿ 3/8-24, ಇಲ್ಲವೇ 1/2-20 (ಮೊದಲನೆಯದು ಇಂಚಿನಲ್ಲಿ ದಪ್ಪ, ಎರಡನೆಯದು ಇಂಚಿಗೆ ಎಷ್ಟು ತಿರುಪು).